ನೈಟ್ ಶಿಫ್ಟ್‌ನವರ ಶುಗರ್ ರಿಪೋರ್ಟ್ ಓದುವ ಮುನ್ನ

ಫ್ಯಾಕ್ಟರಿಯ ಹೆಲ್ತ್ ಸೆಂಟರ್‌ನಲ್ಲಿ ಕೆಲಸಕ್ಕೆ ಸೇರಿದವರು ಮೊದಲು ಕಲಿಯಬೇಕಾದದ್ದು ಇದು: ಶುಗರ್ ಜಾಸ್ತಿ ಕಂಡ ಕೂಡಲೇ ಅನ್ನ, ಸಿಹಿ ಎಂದು ಗದರಬೇಡಿ. ಮಲಗಿದ್ದು ಎಷ್ಟು ಹೊತ್ತಿಗೆ ಎಂದು ಕೇಳಿ.

ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಆರೂವರೆಗೆ ರಕ್ತ ಕೊಡಲು ಬಂದವರು "ಖಾಲಿ ಹೊಟ್ಟೆ ಸಾರ್, ತಿಂಡಿ ತಿಂದಿಲ್ಲ" ಎನ್ನುತ್ತಾರೆ. ಸುಳ್ಳಲ್ಲ. ಆದರೆ ಮೂರು ಗಂಟೆಗೆ ಕ್ಯಾಂಟೀನಿನಲ್ಲಿ ಸಕ್ಕರೆ ಟೀ, ಬನ್ನು ಆಗಿರುತ್ತದೆ. ಫಾಸ್ಟಿಂಗ್ ಎನ್ನಲು ನೀರು ಬಿಟ್ಟು ಬೇರೇನೂ ಇಲ್ಲದೆ ಕನಿಷ್ಠ 8 ಗಂಟೆ ಆಗಿರಬೇಕು. ಟೀ, ಬನ್ನು ಆದಮೇಲೆ ಬಂದ 118ನ್ನು (mg/dL) ಪ್ರೀ-ಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, ಎಂದು ಬರೆದರೆ ತಪ್ಪು ನಮ್ಮದೇ. ಪಾಳಿಯವರಿಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ವಾಸಿ. ಜೊತೆಗೆ ಹಿಮೋಗ್ಲೋಬಿನ್ ನೋಡಿ. ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು.

ನಿದ್ದೆ ಎಷ್ಟು ಎಂದರೆ ಬಾಯಿಗೆ ಬರುವ ಉತ್ತರ "ಏಳೆಂಟು ಗಂಟೆ". ಮಲಗಿದ, ಎದ್ದ, ನಡುವೆ ಎಚ್ಚರವಾದ ಹೊತ್ತನ್ನು ಒಂದು ವಾರ ಬರೆಸಿ. ಹಗಲಿನ ಸೆಕೆ, ಕುಕ್ಕರ್ ಸದ್ದು, ಮಕ್ಕಳ ಗಲಾಟೆ ಕಳೆದು ಎಷ್ಟು ಉಳಿಯಿತು ಎಂದು ತಿಳಿಯುತ್ತದೆ. 1999ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ತಂಡ 11 ಆರೋಗ್ಯವಂತ ಯುವಕರಿಗೆ ಆರು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಲು ಬಿಟ್ಟಿತ್ತು. ಚೆನ್ನಾಗಿ ನಿದ್ದೆ ಮಾಡಿದಾಗಿನದಕ್ಕೆ ಹೋಲಿಸಿದರೆ ರಕ್ತದಿಂದ ಗ್ಲೂಕೋಸ್ ಇಳಿಯುವ ವೇಗ ಸುಮಾರು 40% ಕಡಿಮೆಯಿತ್ತು. ನಿದ್ದೆಗೆಟ್ಟ ದೇಹದಲ್ಲಿ ಇನ್ಸುಲಿನ್ ಇದ್ದರೂ ಸ್ನಾಯುಗಳು ಅದರ ಮಾತು ಅಷ್ಟಾಗಿ ಕೇಳುವುದಿಲ್ಲ. ಸಾಲದ್ದಕ್ಕೆ, ರಾತ್ರಿ ಇನ್ಸುಲಿನ್ ಬಿಡುಗಡೆಯೂ ಮಂದ. ಮಧ್ಯಾಹ್ನ ಒಂದಕ್ಕೆ ತಿಂದ ಚಿತ್ರಾನ್ನಕ್ಕಿಂತ ರಾತ್ರಿ ಎರಡಕ್ಕೆ ತಿಂದ ಅಷ್ಟೇ ಚಿತ್ರಾನ್ನ ಶುಗರನ್ನು ಹೆಚ್ಚು ಏರಿಸುತ್ತದೆ. ದೊಡ್ಡ ಊಟ ಪಾಳಿಗೆ ಹೊರಡುವ ಮುಂಚೆಯೇ ಆಗಲಿ. ನಡುರಾತ್ರಿ ಹಸಿವಾದರೆ ಮೊಟ್ಟೆ, ಹುರಿಗಡಲೆ, ಮಜ್ಜಿಗೆ. ಕೊನೆಯ ಕಾಫಿ-ಟೀ ಮಲಗುವ 6 ಗಂಟೆ ಮುಂಚೆ.

ನಿಜವಾಗಿ ಭಯವಾಗುವುದು ಮಾತ್ರೆಯ ವಿಷಯದಲ್ಲಿ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯ ಚೀಟಿಯಲ್ಲಿ "ಬೆಳಿಗ್ಗೆ ತಿಂಡಿಗೆ ಮುಂಚೆ" ಎಂದಿರುತ್ತದೆ. ಪಾಳಿ ಮುಗಿಸಿ ಮನೆಗೆ ಹೋದವರು ಅದನ್ನು ನುಂಗಿ, ಒಂದು ಇಡ್ಲಿ ತಿಂದು ಮಲಗಿದರೆ ನಿದ್ದೆಯಲ್ಲೇ ಶುಗರ್ ಕುಸಿಯಬಹುದು. ಎದ್ದಾಗ ಬೆವರಿಗೆ ಬನಿಯನ್ ಒದ್ದೆ, ತಲೆನೋವು ಎಂದರೆ ಅನುಮಾನಿಸಿ. ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆಯಿದ್ದು, ಪ್ರಜ್ಞೆಯಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಮಾತ್ರೆಯ ಹೊತ್ತನ್ನು ಅವರೂ ನಾವೂ ಬದಲಿಸುವಂತಿಲ್ಲ. ತಿಂಗಳ ಶಿಫ್ಟ್ ಚಾರ್ಟನ್ನು ಚೀಟಿಗೆ ಪಿನ್ ಹೊಡೆದು ವೈದ್ಯರ ಬಳಿ ಕಳಿಸಿ.