ಸೊಲ್ಲು ಹಿಡಿಯೋರು

ನಮ್ಮ ಕಾಲೇಜಿನ ಹಳೇ ಕಟ್ಟಡದ ಕಲ್ಲಿನ ಮೆಟ್ಟಿಲು ಗೊತ್ತಲ್ವಾ? ಮೊದಲನೇ ಮಹಡಿಗೆ ಹೋಗುವ ತಿರುವಿನಲ್ಲಿ ಕೂತು ಹಾಡಿದರೆ ದನಿ ಗೋಡೆಗೆ ತಾಗಿ ತುಂಬಿಕೊಂಡು ಬರುತ್ತದೆ. 1996ರಲ್ಲಿ ಬಿ.ಎ. ಸೇರಿದ ನಾನು ಮೊದಲು ಹುಡುಕಿಕೊಂಡ ಜಾಗವೇ ಅದು. ಕೈಯಲ್ಲಿ ಸೋದರಮಾವ ಕೊಟ್ಟ ಹಳೇ ಗಿಟಾರು. ಬಾಯಲ್ಲಿ ಅಜ್ಜಿಯ ಹಾಡು.

ಅಜ್ಜಿ ಕನಕಪುರದ ಕಡೆಯವರು. ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಬೀಸುವ ಕಲ್ಲು ಇರಲಿಲ್ಲ, ರಾಗಿ ಮಿಲ್ಲಿಗೆ ಹೋಗುತ್ತಿತ್ತು. ಆದರೂ ಮೊರದಲ್ಲಿ ರಾಗಿ ಕೇರುವಾಗ ಅವರ ಬಾಯಿಗೆ ಬೀಸುವ ಪದವೇ ಬರುತ್ತಿತ್ತು. ನಾನು ಅದಕ್ಕೆ ಸಿ, ಜಿ, ಎ ಮೈನರ್ ಕಾರ್ಡ್ ಹಿಡಿದು ಜೋರಾಗಿ ಬಾರಿಸುತ್ತಿದ್ದೆ. ಚೆನ್ನಾಗಿದೆ ಅಂತಲೇ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಕನ್ನಡ ಮೇಷ್ಟ್ರು ಮೆಟ್ಟಿಲಿಳಿದು ಬರುತ್ತಾ ನಿಂತರು. ಪೂರ್ತಿ ಕೇಳಿದರು. "ಹಾಡು ನಿಮ್ಮಜ್ಜೀದು, ಗಿಟಾರು ಇನ್ಯಾರದೋ. ಇಬ್ಬರೂ ಒಬ್ಬರ ಮಾತು ಒಬ್ಬರು ಕೇಳಿಸ್ಕೊಳ್ತಿಲ್ಲ ಕಣಪ್ಪ" ಅಂದರು. ಮಾರನೇ ದಿನ ಮನೆಯಿಂದ ಏಕತಾರಿ ತಂದು ಕೈಗಿಟ್ಟರು. ಒಂದು ತಿಂಗಳು ಗಿಟಾರು ಮುಟ್ಟಬಾರದು, ಒಂದೇ ತಂತಿ ಮೀಟಿಕೊಂಡು ಹಾಡಬೇಕು ಅಂತ ಹೇಳಿದರು.

ಆ ತಿಂಗಳಲ್ಲಿ ನನ್ನ ಕಿವಿ ತೆರೆಯಿತು. ಅಜ್ಜಿಯ ಗಾಂಧಾರ, ಅಂದರೆ ಸರಿಗಮದ ‘ಗ’, ಒಂದು ಕಡೆ ನಿಲ್ಲುವುದಿಲ್ಲ. ಏರುವಾಗ ಸ್ವಲ್ಪ ಮೇಲೆ, ಇಳಿಯುವಾಗ ಸ್ವಲ್ಪ ಕೆಳಗೆ ತೂಗುತ್ತದೆ. ಮೇಜರ್ ಕಾರ್ಡ್ ಹಿಡಿದರೆ ಮೇಲಿನ ‘ಗ’, ಅಂತರ ಗಾಂಧಾರ, ಬಂದು ಕೂರುತ್ತದೆ; ಮೈನರ್ ಹಿಡಿದರೆ ಕೆಳಗಿನದು, ಸಾಧಾರಣ ಗಾಂಧಾರ. ಎರಡೂ ಅಜ್ಜಿಯದಲ್ಲ. ನಾನು ಇಷ್ಟು ದಿನ ಅವರ ಹಾಡನ್ನು ಎಳೆದು ಒಂದು ಗೂಟಕ್ಕೆ ಕಟ್ಟುತ್ತಿದ್ದೆ.

ಹಾಗಾದರೆ ಗಿಟಾರನ್ನು ಬಿಟ್ಟೇಬಿಡಬೇಕಾ? ಉತ್ತರ ಸಿಕ್ಕಿದ್ದು ಎರಡನೇ ವರ್ಷದಲ್ಲಿ, ಗೆಳೆಯನೊಬ್ಬ ತಂದ ಜೆರಾಕ್ಸ್ ಹಾಳೆಯಲ್ಲಿ. ಆರನೇ, ಎರಡನೇ, ಒಂದನೇ ತಂತಿಗಳನ್ನು ಎರಡೆರಡು ಫ್ರೆಟ್ಟಿನಷ್ಟು, ಅಂದರೆ ಗಿಟಾರಿನ ಎರಡು ಮನೆಯಷ್ಟು, ಇಳಿಸಬೇಕು. ಉಳಿದ ಮೂರನ್ನು ಮುಟ್ಟುವ ಹಾಗಿಲ್ಲ. ಆಗ ದಪ್ಪ ತಂತಿಯಿಂದ ಸಣ್ಣದರವರೆಗೆ ಡಿ, ಎ, ಡಿ, ಜಿ, ಎ, ಡಿ. ಡಿಯನ್ನು ಷಡ್ಜ, ಅಂದರೆ ‘ಸ’, ಮಾಡಿಕೊಂಡು ಬರೀ ತಂತಿ ಮೀಟಿದರೆ ಸ ಪ ಸ ಮ ಪ ಸ! ಗಾಂಧಾರದ ಜಾಗ ಖಾಲಿ. ಅಲ್ಲಿ ಅಜ್ಜಿಯ ದನಿ ಬೇಕಾದ ಹಾಗೆ ತೂಗಬಹುದು. 1960ರ ದಶಕದ ಶುರುವಿನಲ್ಲಿ ಇದನ್ನು ಗಿಟಾರಿನವರ ನಡುವೆ ಹರಡಿದವರು ಇಂಗ್ಲೆಂಡಿನ ಡೇವಿ ಗ್ರಹಾಂ. ಮೊರಾಕೊದಲ್ಲಿ ಔದ್ ಅನ್ನುವ ಅರಬ್ ತಂತಿವಾದ್ಯ ನುಡಿಸುವವರ ಜೊತೆ ಸೇರಿಕೊಳ್ಳಲು ಅವರಿಗೆ ಇದು ಬೇಕಾಯಿತಂತೆ. ಅಲ್ಲಿಂದ ಹೊರಟದ್ದು ಬಸವನಗುಡಿಯಲ್ಲಿ ಬೀಸುವ ಪದಕ್ಕೆ ಒದಗಿತು. ಆ ಸಂಜೆ ನಾನು ಮನೆಗೆ ಓಡಿಕೊಂಡೇ ಹೋದೆ.

ಆಮೇಲೆ ಸ್ವಂತ ಹಾಡು ಕಟ್ಟುವ ಹುಚ್ಚು ಹಿಡಿಯಿತು. ಮೇಷ್ಟ್ರು ತ್ರಿಪದಿಯನ್ನು, ಬೀಸುವ ಪದದ ಆ ಮೂರು ಸಾಲಿನ ಕಟ್ಟನ್ನು, ಬೆಂಚಿನ ಮೇಲೆ ಕೈ ತಟ್ಟಿ ಕಲಿಸಿದರು. ಮೂರು ಸಾಲಿಗೆ ನಾಲ್ಕು, ನಾಲ್ಕು, ಮೂರು, ಒಟ್ಟು ಹನ್ನೊಂದು ಗಣ. ಗಣ ಅಂದರೆ ಲಯಕ್ಕೆ ಕೂರುವ ಮಾತಿನ ತುಂಡು. ಆರನೆಯದೂ ಹತ್ತನೆಯದೂ ಚಿಕ್ಕವು. ನಾಲ್ಕು ಏಟಿನ ಸ್ಟ್ರಮ್ಮಿಂಗ್‌ನಲ್ಲಿ ಹೊರಟರೆ ಸರಿಯಾಗಿ ಅಲ್ಲೇ ಕೈ ಎಡವುತ್ತದೆ. ಎಷ್ಟೋ ದಿನ ಒದ್ದಾಡಿದ ಮೇಲೆ ನನಗೆ ತಿಳಿದದ್ದು ಇಷ್ಟು: ಆ ಚಿಕ್ಕ ಗಣದಲ್ಲಿ ಕೈ ನಿಲ್ಲಿಸಿಬಿಡಬೇಕು, ದನಿ ಒಂದೇ ದಾಟಬೇಕು. ಅಜ್ಜಿ ಎರಡನೇ ಸಾಲನ್ನು ತಿರುಗಿ ಹಾಡಿ ಮೂರನ್ನು ನಾಲ್ಕು ಮಾಡಿಕೊಳ್ಳುತ್ತಿದ್ದರು. ಆ ತಿರುಗುವ ಸಾಲೇ ಸೊಲ್ಲು. ಜೊತೆಗಾರರು ದನಿಗೂಡಿಸಿ ಸೊಲ್ಲು ಹಿಡಿಯುವ ಜಾಗ ಅದು.

"ಮೊದಲು ಸೊಲ್ಲು ಬರಿ. ಎರಡನೇ ಸಲಕ್ಕೆ ಪಕ್ಕದವರ ಬಾಯಿಗೆ ಬರದಿದ್ದರೆ ಹರಿದುಹಾಕು" ಅಂತ ಮೇಷ್ಟ್ರು ಹೇಳುತ್ತಿದ್ದರು. ಹಾಗೇ ಮಾಡಿದೆ. ಕ್ಯಾಂಟೀನಿನಲ್ಲಿ ಹಾಡುವುದು, ಯಾರೂ ಹಿಡಿಯದಿದ್ದರೆ ಹಾಳೆ ಹರಿಯುವುದು. ಒಂದು ನೋಟ್‌ಬುಕ್ಕೇ ಹಾಗೆ ಖಾಲಿಯಾಯಿತು. ಚೆಂದದ ಪದಗಳೇ ಜಾಸ್ತಿ ಹೋದವು. ಉಸಿರಿಗೆ ಜಾಗ ಕೊಡುವ ದೀರ್ಘ ಸ್ವರಗಳು ಉಳಿದವು.

ಧರ್ಮಾಂಬುಧಿ ಕೆರೆಯ ಅಂಗಳದಲ್ಲೇ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಎದ್ದಿದ್ದು, ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ ಬಂದಿದ್ದು ನನಗೆ ತಿಳಿದದ್ದು ಆಗಲೇ. ಅಜ್ಜಿ ಊರಿಂದ ಬಂದು ಮೊದಲು ಇಳಿದದ್ದು ಮೆಜೆಸ್ಟಿಕ್ಕಿನಲ್ಲಿ. ಅವರನ್ನು ನೆನೆದು ಒಂದು ಪದ ಕಟ್ಟಿದೆ. ಎರಡನೇ ಸಾಲು "ತೂಬಿದ್ದ ಜಾಗ ನಿಲ್ದಾಣ" ಅಂತ ಇತ್ತು. ಗಣ ಸರಿ ಇತ್ತು. ಅಜ್ಜಿಗೆ ಹಾಡಿ ತೋರಿಸಿದೆ. ಅವರು ಮೊರ ಕೆಳಗಿಡಲಿಲ್ಲ. ಕೇರುತ್ತಲೇ ತಿರುಗಿ ಹಾಡಿದರು:

ಊರಿಂದ ಬಂದೋಳು ಕೆರೆಯೆಲ್ಲಿ ಅಂದಾಳು
ತೂಬಿದ್ದ ಜಾಗ ಬಸ್ ನಿಂತೊ – ತಂಗ್ಯಮ್ಮ
ನೀರೀಗೆ ಸೀಟು ಸಿಗಲಿಲ್ಲ

ನಿಲ್ದಾಣ ಹೋಗಿ "ಬಸ್ ನಿಂತೊ" ಆಗಿತ್ತು. ತಿದ್ದಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಬಾಯಿಗೆ ಹಾಗೆ ಬಂತು, ಅಷ್ಟೇ. ನಾನು ಆ ಸಾಲನ್ನು ಹಾಗೇ ಉಳಿಸಿಕೊಂಡೆ. ಇವತ್ತಿಗೂ ಆ ಪದದಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಮಾತು ನಾನು ಬರೆದದ್ದಲ್ಲ.

ಕೊನೇ ವರ್ಷ ಒಂದು ಅಂತರ ಕಾಲೇಜು ಸ್ಪರ್ಧೆಗೆ ಹೋದೆವು. ಜನಪದ ಗೀತೆ ವಿಭಾಗದಲ್ಲಿ ಗಿಟಾರು ನಡೆಯಲ್ಲ ಅಂತ ವೇದಿಕೆಯಿಂದ ಇಳಿಸಿದರು. ಸ್ವಂತ ಪದ ಅಂದಮೇಲೆ ಜನಪದ ಹೇಗಾಗುತ್ತೆ ಅಂತಲೂ ಕೇಳಿದರು. ಗಿಟಾರಿನ ಮಾತು ನಾನು ಈಗಲೂ ಒಪ್ಪುವುದಿಲ್ಲ. ಎರಡನೇ ಪ್ರಶ್ನೆ ನ್ಯಾಯವಾದದ್ದೇ. ಬೇಜಾರಾಗಿ ಹೊರಗೆ ಹೊಂಗೆ ಮರದ ಕೆಳಗೆ ಕೂತೆವು. ಜೊತೆಗೆ ಬಂದಿದ್ದ ಹುಡುಗಿಯೊಬ್ಬಳು ದಮ್ಮಡಿ, ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯ, ತೆಗೆದಳು. ಸುಮ್ನೆ ಶುರು ಮಾಡಿದೆವು. ಮೂರನೇ ಪದಕ್ಕೆ ಬೇರೆ ಕಾಲೇಜಿನವರು, ಟೀ ಕೊಡುತ್ತಿದ್ದ ಅಣ್ಣ, ಎಲ್ಲರೂ "ಬಸ್ ನಿಂತೊ ತಂಗ್ಯಮ್ಮ" ಅಂತ ಸೊಲ್ಲು ಹಿಡಿದಿದ್ದರು. ನಾನು ಗಿಟಾರು ನಿಲ್ಲಿಸಿಬಿಟ್ಟೆ. ಹಾಡು ನಿಲ್ಲಲಿಲ್ಲ.

ಮೇಷ್ಟ್ರು ಈಗಿಲ್ಲ. ಅಜ್ಜಿಯೂ ಇಲ್ಲ. ಅವರ ಮೊರ ನಮ್ಮ ಮನೆಯಲ್ಲಿದೆ.

ಗಿಟಾರನ್ನು ಕಳೆದ ವರ್ಷ ಕಾಲೇಜಿನ ಸಂಗೀತದ ಕೋಣೆಗೆ ಕೊಟ್ಟೆ. ಬಲಗಡೆ ಕಪಾಟಿನಲ್ಲಿದೆ, ಕಪ್ಪು ಬಟ್ಟೆಯ ಚೀಲ. ಯಾರು ಬೇಕಾದರೂ ತೆಗೆದು ನುಡಿಸಿ. ಮೂರು ತಂತಿ ಸಡಿಲ ಅನ್ನಿಸುತ್ತದೆ. ಬಿಗಿ ಮಾಡುವ ಮೊದಲು ಒಂದು ಸಲ ಮೆಟ್ಟಿಲ ತಿರುವಿಗೆ ಒಯ್ದು, ಬರೀ ತಂತಿಯನ್ನು ಮೀಟಿ, ನಿಮ್ಮ ಮನೆಯ ಹಿರಿಯರ ಯಾವುದಾದರೂ ಹಾಡನ್ನು ಅದರ ಮೇಲೆ ಹಾಡಿನೋಡಿ.