ಬಾಲದ ಮೇಲೆ ಮನುಷ್ಯನನ್ನು ಕೂರಿಸಬೇಡಿ

ಸಣ್ಣ ವಿಮಾನದ ಮುಂದಿನ ಚಕ್ರ ಬಿಚ್ಚಬೇಕು ಎಂದ ಕೂಡಲೇ ಸುತ್ತ ನಿಂತವರಲ್ಲಿ ಒಬ್ಬರಾದರೂ ಅಂಗಿಯ ತೋಳು ಮಡಚುತ್ತಾರೆ. “ಸಾರ್, ನಾಲ್ಕು ಜನ ಇದ್ದೇವಲ್ಲ, ಮೂತಿ ಹಿಡಿದು ಎತ್ತಿಬಿಡೋಣ.” ಅಡಿಕೆ ಮೂಟೆ ಎತ್ತಿ ಪಳಗಿದ ಊರು ನಮ್ಮದು, ತೋಳ್ಬಲಕ್ಕೆ ಕೊರತೆಯಿಲ್ಲ. ಆದರೆ ಸೆಸ್ನಾ 172ರ ಮೂತಿಯಲ್ಲಿ ಹಿಡಿಯುವುದಾದರೂ ಏನನ್ನು? ಎಂಜಿನ್ ಮುಚ್ಚಿರುವ ತಗಡು ತೆಳ್ಳಗಿನದು, ಕಾರಿನ ಜಾಕ್ ಇಟ್ಟರೆ ಒಳಕ್ಕೆ ತಗ್ಗುತ್ತದೆ. ಉಳಿದದ್ದು ಪ್ರೊಪೆಲರ್. ಎಂಜಿನ್‌ಗೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೊದ ಅರ್ತ್ ತಂತಿ ಕಡಿದಿದ್ದರೆ ಕೀಲಿ ತೆಗೆದಿದ್ದರೂ ಎಂಜಿನ್ ಕಿಡಿ ಕೊಡಬಲ್ಲದು. ಪ್ರೊಪೆಲರ್ ಒಂದು ಗೇಣು ತಿರುಗಿದರೂ ಕೈ ಹೋಗುತ್ತದೆ.

ಆದ್ದರಿಂದ ಮೂತಿಯನ್ನು ಎತ್ತುವುದಿಲ್ಲ, ಬಾಲವನ್ನು ಇಳಿಸುತ್ತೇವೆ. ಏತದ ಲೆಕ್ಕವೇ ಇದು. ಹಿಂದಿನ ಎರಡು ಚಕ್ರಗಳೇ ಕಂಬ. 172ರಲ್ಲಿ ಮುಂದಿನ ಚಕ್ರಕ್ಕೂ ಹಿಂದಿನವಕ್ಕೂ ನಡುವೆ ಇರುವುದು ಬರೀ 1.65 ಮೀಟರ್, ಬಾಲವಾದರೋ ಹಿಂದೆ ಬಹಳ ದೂರ ಚಾಚಿದೆ. ಖಾಲಿ ವಿಮಾನದ ತೂಕದಲ್ಲಿ ಮೂರನೇ ಒಂದು ಪಾಲಿನಷ್ಟು ಮಾತ್ರ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ಬಾಲಕ್ಕೆ ಹಾಕಬೇಕಾದ ಭಾರ ಜನ ಊಹಿಸುವುದಕ್ಕಿಂತ ತುಂಬಾ ಕಡಿಮೆ.

ಅಪಾಯ ಇರುವುದೂ ಈ ಸುಲಭದಲ್ಲಿಯೇ. ಒಬ್ಬ ಮನುಷ್ಯ ಒರಗಿದರೆ ಮೂತಿ ಏಳುತ್ತದೆ ಎಂದು ಕಂಡ ಮೇಲೆ ಮರಳಿನ ಚೀಲ ಯಾರಿಗೆ ಬೇಕು? ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ ಇಳಿದು ಟೈರ್ ಕೆಟ್ಟು ನಿಂತಿದ್ದ ತರಬೇತಿ ವಿಮಾನವೊಂದಕ್ಕೆ ಚಕ್ರ ಬದಲಿಸಲು ಹೋದಾಗಲೂ ಇದೇ ಚರ್ಚೆ ನಡೆಯಿತು. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಆ ನಿಲ್ದಾಣದ ರನ್‌ವೇ 3,200 ಮೀಟರ್ ಉದ್ದ. ಸುತ್ತ ಬಯಲು, ಗಾಳಿಗೆ ಅಡ್ಡಿಯಿಲ್ಲ. ಆಷಾಢದ ಮಳೆ ಹೇಳಿ ಕೇಳಿ ಬರುವುದಿಲ್ಲ. ಬಾಲದ ಮೇಲೆ ಕುಳಿತ ಹುಡುಗ ನಾಲ್ಕು ಹನಿ ಬಿದ್ದ ಕೂಡಲೇ ಏನು ಮಾಡುತ್ತಾನೆ? ಎದ್ದು ಓಡುತ್ತಾನೆ. ಮಲೆನಾಡಿನವನಿಗೆ ಅದು ಹುಟ್ಟುಗುಣ, ತಪ್ಪು ಅವನದಲ್ಲ. ಆ ಹೊತ್ತಿಗೆ ಚಕ್ರ ಕಳಚಿದ್ದರೆ ಮೂತಿ ನೆಲಕ್ಕೆ ಬರುತ್ತದೆ, ಪ್ರೊಪೆಲರ್ ಕಾಂಕ್ರೀಟಿಗೆ ಬಡಿಯುತ್ತದೆ, ಟೈರಿನ ಕೆಲಸ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ. ಕೆಳಗೆ ಯಾರದಾದರೂ ಕೈ ಇದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಹಾಗಾಗಿ ಮರಳಿನ ಚೀಲಗಳನ್ನೇ ತರಿಸಿದೆ. ಅಡಿಕೆ ಮಂಡಿಯ ತಕ್ಕಡಿಯಲ್ಲಿ ತೂಗಿಸಿ ತನ್ನಿ ಎಂದಾಗ ತಂದವರು ನಕ್ಕರು. ಆದರೆ ಒಣ ಮರಳಿಗೂ ನೆನೆದ ಮರಳಿಗೂ ತೂಕದಲ್ಲಿ ಬಹಳ ವ್ಯತ್ಯಾಸವಿದೆ, ಕಣ್ಣಂದಾಜು ಸಾಲದು. ಚೀಲಗಳನ್ನು ಬಾಲಕ್ಕೆ ತೂಗುಹಾಕುವುದು ನನಗೆ ಇಷ್ಟವಿಲ್ಲ. ತೂಗುವ ಭಾರ ಗಾಳಿಗೆ ಓಲಾಡುತ್ತದೆ, ಹಗ್ಗ ಉದ್ದವಾದರೆ ಚೀಲ ಬೇಗ ನೆಲ ಮುಟ್ಟಿ ಮೂತಿ ಏಳುವುದೇ ಇಲ್ಲ. ಅಗತ್ಯಕ್ಕಿಂತ ಹೆಚ್ಚಿನ ಭಾರವನ್ನು ನೆಲದ ಮೇಲೆಯೇ ಕೂರಿಸಿ, ಬಾಲದಡಿಯ ಕಟ್ಟುವ ಬಳೆಯಿಂದ ಅದಕ್ಕೆ ಹಲ್ಲುಗಾಲಿಯ ಬಿಗಿಪಟ್ಟಿ ಎಳೆಯುತ್ತೇನೆ. ನೈಲಾನ್ ಹಗ್ಗ ಭಾರ ಬಿದ್ದಂತೆ ಹಿಗ್ಗುತ್ತದೆ, ಅದು ಬೇಡ.

ಪಟ್ಟಿ ಬಿಗಿಯುವವರೆಗೆ ಬಾಲವನ್ನು ಕೈಯಿಂದ ಒತ್ತಬೇಕಲ್ಲ, ಆಗ ಕೈ ಎಲ್ಲಿಡಬೇಕು ಎನ್ನುವುದೇ ಮುಖ್ಯ. ಬಾಲದಲ್ಲಿರುವ ಅಡ್ಡರೆಕ್ಕೆಯ ತುದಿ ಕೈಗೆ ಚೆನ್ನಾಗಿ ಸಿಗುತ್ತದೆ, ಅದಕ್ಕೇ ಎಲ್ಲರೂ ಅಲ್ಲೇ ಒತ್ತುತ್ತಾರೆ. ಅಲ್ಲಿ ಒತ್ತಲೇಬಾರದು. ಅಡ್ಡರೆಕ್ಕೆಗೆ ತುಸು ಮುಂದೆ ಬಾಲದ ಮೈಮೇಲೆ ರಿವೆಟ್‌ಗಳ ಸಾಲೊಂದು ಸುತ್ತುವರಿದಿರುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ, ಅದರ ಒಳಗೆ ಬಲ್ಕ್‌ಹೆಡ್ ಎಂಬ ಗಟ್ಟಿ ಅಡ್ಡಚೌಕಟ್ಟು ಇದೆ. ಅಂಗೈ ಆ ಸಾಲಿನ ಮೇಲೆಯೇ ಇರಬೇಕು. ನಾಲ್ಕು ಬೆರಳು ಈಚೆ ಸರಿದರೂ ತಗಡು ಗುಳಿ ಬೀಳುತ್ತದೆ.

ಇಷ್ಟಕ್ಕೆ ಮೊದಲು ಹಿಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಚಾಕ್ ಎಂಬ ತಡೆಗಟ್ಟೆ, ರೆಕ್ಕೆ-ಬಾಲದ ಹಲಗೆಗಳು ಅಲುಗದಂತೆ ಕಂಟ್ರೋಲ್ ಲಾಕ್, ಕೀಲಿ ನನ್ನ ಜೇಬಿನಲ್ಲಿ. ಇಂಧನ ನೋಡಲೆಂದು ರೆಕ್ಕೆ ಹತ್ತುವುದು, ಬಾಗಿಲು ತೆರೆದು ಒಳಗೆ ಕೂರುವುದು ಎಲ್ಲ ನಿಷಿದ್ಧ. ಆ ತೂಕವೆಲ್ಲ ಮೂತಿಯ ಕಡೆಗೇ ಸೇರುತ್ತದೆ. ಮೂತಿ ಎದ್ದಾಗ ರೆಕ್ಕೆಯ ಕೋನವೂ ಏರುವುದರಿಂದ ಎದುರುಗಾಳಿ ಬೀಸುತ್ತಿದ್ದರೆ ನಾನು ಕೆಲಸವನ್ನೇ ಶುರುಮಾಡುವುದಿಲ್ಲ. ಹತ್ತಿರದಲ್ಲಿ ಎಟಿಆರ್ ಪ್ರಯಾಣಿಕ ವಿಮಾನ ಎಂಜಿನ್ ಚಾಲೂ ಮಾಡುವುದಿದ್ದರೆ ಅದು ಹೋಗುವವರೆಗೂ ಕಾಯುತ್ತೇನೆ.

ಬಾಲ ಇಳಿಯತೊಡಗಿದರೂ ಚಕ್ರ ಮಾತ್ರ ನೆಲ ಬಿಡುವುದಿಲ್ಲ. ಹೊಸಬರು ಇಲ್ಲಿ ಗಾಬರಿಯಿಂದ ಇನ್ನಷ್ಟು ಒತ್ತುತ್ತಾರೆ. ಮೊದಲು ಸ್ಟ್ರಟ್, ಅಂದರೆ ಚಕ್ರದ ಮೇಲಿನ ಆಘಾತ ತಾಳುವ ಕಾಲು, ಪೂರ್ತಿ ಚಾಚಿಕೊಳ್ಳಬೇಕು, ಹೊಳೆಯುವ ಉಕ್ಕಿನ ದಂಡ ಉದ್ದವಾಗುತ್ತ ಬರುವುದು ಕಾಣುತ್ತದೆ. ಚಕ್ರ ಏಳುವುದು ಆಮೇಲೆ. ಆಗ ಅದು ನೇರಕ್ಕೆ ಲಾಕ್ ಆಗಿ ನಿಲ್ಲುತ್ತದೆ. ಕೆಟ್ಟಿದೆ ಎಂದು ತಿಳಿಯಬೇಡಿ, 172ರ ರಚನೆಯೇ ಹಾಗೆ. ಚಕ್ರ ಕಳಚಿದ ಕೂಡಲೇ ಅದನ್ನು ಹಿಡಿದಿದ್ದ ಫೋರ್ಕಿನಡಿಗೆ ಮರದ ದಿಮ್ಮಿಗಳನ್ನು ಸರಿಸುತ್ತೇನೆ. ಪಟ್ಟಿ ಕೈಕೊಟ್ಟರೂ ಫೋರ್ಕ್ ದಿಮ್ಮಿಯ ಮೇಲೆ ಕುಳಿತೀತು, ಪ್ರೊಪೆಲರ್ ಉಳಿದೀತು.

ಚಕ್ರ ಎರಡು ಹೋಳಿನದು, ಬೋಲ್ಟ್‌ಗಳಿಂದ ಜೋಡಿಸಿರುತ್ತಾರೆ. ಟೈರ್ ಚಪ್ಪಟೆಯಾಗಿ ಕಂಡರೂ ವಾಲ್ವಿನ ಒಳತಿರುಳು ತೆಗೆದು ಗಾಳಿಯನ್ನು ಪೂರ್ತಿ ಬಿಡದೆ ಆ ಬೋಲ್ಟ್‌ಗಳನ್ನು ಮುಟ್ಟಬಾರದು. ಒಳಗೆ ಒತ್ತಡ ಉಳಿದಿದ್ದರೆ ಹೋಳುಗಳು ಸಿಡಿಯುತ್ತವೆ.

ಇಳಿಸುವಾಗ ಅವಸರ ಸಲ್ಲದು. ದಿಮ್ಮಿ, ಸ್ಪ್ಯಾನರ್, ಕಾಲು ಎಲ್ಲ ಹೊರಗೆ ಬಂದ ಮೇಲೆ ಪಟ್ಟಿಯನ್ನು ಹಲ್ಲು ಹಲ್ಲಾಗಿ ಸಡಿಲಿಸಬೇಕು. ಚಾಚಿದ ಸ್ಟ್ರಟ್ ಕೆಲವೊಮ್ಮೆ ಅರ್ಧದಲ್ಲಿ ಅಂಟಿಕೊಂಡು ತಟ್ಟನೆ ಕುಸಿಯುತ್ತದೆ. ಟೈರಿನ ಒತ್ತಡವೂ ಎಲ್ಲ 172ಗಳಿಗೆ ಒಂದೇ ಅಲ್ಲ: ಹಳೆಯ ಎನ್ ಮಾದರಿಯ ಮುಂದಿನ ಚಕ್ರಕ್ಕೆ 31 ಪಿಎಸ್‌ಐ, ಎಸ್ ಮಾದರಿಗೆ 45.

ಜೊತೆಗಿದ್ದ ಹುಡುಗ ಚೀಲಗಳನ್ನು ಜೀಪಿಗೆ ಹಾಕುತ್ತ, “ಪೈಪರ್ ಬಂದರೂ ಇಷ್ಟೇ ಸಾಕಾ ಸಾರ್?” ಎಂದು ಕೇಳಿದ. ಪೈಪರ್ ಕಂಪನಿಯ ಪಿಎ-28 ವಿಮಾನದ ವಿಧಾನವೇ ಬೇರೆ. ರೆಕ್ಕೆಯಡಿ ಜಾಕ್ ಇಡುತ್ತಾರೆ, ಬಾಲದ ಆಧಾರಕ್ಕೆ ಸುಮಾರು 250 ಪೌಂಡ್, ಅಂದರೆ 113 ಕೆ.ಜಿ. ಭಾರ ಹಾಕಬೇಕೆಂದು ಅದರ ಮ್ಯಾನುಯಲ್ ಹೇಳುತ್ತದೆ. ಇನ್ನೆರಡು ಚೀಲ ತೂಗಿಸಿ ಇಟ್ಟುಕೋ ಎಂದೆ.