ಬೈದ ಸಾವ್ಕಾರ್ರೇ ಮೊದಲ್ನೇ ಕಸ್ಟಮರ್

ದಾವಣಗೆರೆ ಎಪಿಎಂಸಿಲಿ ಯಾರಾದ್ರೂ ನಿಮ್ಮ ಆಪ್ ನೋಡಿ ‘ಚಲೋ ಐತಿ ಬಿಡ್ರಿ, ಮಾಡೋಣಂತೆ’ ಅಂದ್ರು ಅಂದ್ಕೊಳ್ಳಿ, ಅದ್ರ ಅರ್ಥ ‘ಚಾ ಕುಡ್ದಾಯ್ತಲ್ಲ, ಇನ್ ಹೊರಡಪ್ಪ’ ಅಂತ. ಇಷ್ಟು ತಿಳ್ಕೊಳ್ಳೋಕೆ ನನಗೆ 11 ತಿಂಗಳು ಬೇಕಾಯ್ತು, ಬೆಂಗಳೂರಲ್ಲಿ ಕೂಡಿಟ್ಟಿದ್ದ ದುಡ್ಡಲ್ಲಿ ಹತ್ರತ್ರ 7 ಲಕ್ಷ ಹೋಯ್ತು.

ಬೆಂಗಳೂರಲ್ಲಿ ಆರು ವರ್ಷ ಕೆಲಸ ಮಾಡಿ, ಊರಿಗೆ ವಾಪಸ್ ಬಂದು, ಕಾಲೇಜ್ ಗೆಳೆಯನ ಜೊತೆ ಸೇರ್ಕೊಂಡು ದಲಾಲಿ ಅಂಗಡಿಗಳ, ಅಂದ್ರೆ ರೈತರ ಮಾಲು ಮಾರಿಸಿಕೊಡೋ ಅಂಗಡಿಗಳ, ಲೆಕ್ಕಕ್ಕೆ ಸಾಫ್ಟ್‌ವೇರ್ ಮಾಡೋಣ ಅಂತ ಶುರು ಮಾಡಿದ್ದು. ನಮ್ಮಜ್ಜ ಕಾಟನ್ ಮಿಲ್‌ನಲ್ಲಿ ಇದ್ದೋರು, ಈ ಊರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ ಅದು, ಆಮೇಲೆ ಒಂದೊಂದೇ ಮಿಲ್ ಮುಚ್ಚಿದ್ದನ್ನ ಮನೆಯೋರೆಲ್ಲ ನೋಡಿದಾರೆ, ಹಂಗಾಗಿ ವಿಷಯ ಕೇಳಿದ ತಕ್ಷಣ ದೊಡ್ಡಪ್ಪ ಅಂದಿದ್ದು ಒಂದೇ ಮಾತು, ‘ಇದ್ದ ಕಂಪನಿಗಳೇ ಬಾಗಿಲು ಹಾಕ್ಯಾವು, ಇವ್ನು ಹೊಸದು ತೆಗೀತಾನಂತೆ’.

ಕಸ್ಟಮರ್ ಹತ್ರ ಮಾತಾಡಿ, ಆಮೇಲೆ ಕೋಡ್ ಬರೀರಿ ಅಂತ ಎಲ್ರೂ ಹೇಳ್ತಾರಲ್ಲ, ನಾವು ಮಾತಾಡಿದ್ವಿ ಕಣ್ರೀ. 40 ಅಂಗಡಿಗೆ ಹೋಗಿದ್ವಿ. 36 ಜನ ಚಲೋ ಐತಿ ಅಂದ್ರು. ಎಲ್ಲಾ ಕಡೆ ಚಾ, ಎರಡು ಕಡೆ ಮಂಡಕ್ಕಿ ಮಿರ್ಚಿ ಕೂಡ. ಏನ್ ತಪ್ಪಾಯ್ತು ಅಂದ್ರೆ, ಪ್ರತಿ ಅಂಗಡಿಲೂ ಮೊದಲ ಪ್ರಶ್ನೆ ‘ಯಾರ ಮಗ ನೀನು’ ಅಂತ, ಅಪ್ಪನ ಹೆಸ್ರು ಹೇಳಿದ ಮೇಲೆ ಮುಗೀತು, ಗೊತ್ತಿರೋರ ಹುಡುಗ ಮುಂದೆ ಕೂತಿರುವಾಗ ಬ್ಯಾಡ ಅಂತ ಮುಖಕ್ಕೆ ಹೊಡ್ದಂಗೆ ಹೇಳೋಕೆ ನಮ್ಮೂರಲ್ಲಿ ಯಾರಿಗೂ ಬಾಯಿ ಬರಲ್ಲ. ನಾವು ಆ ಮರ್ಯಾದೆನೆಲ್ಲ ಡಿಮ್ಯಾಂಡು ಅಂತ ಎಕ್ಸೆಲ್ ಶೀಟಲ್ಲಿ ಬರ್ಕೊಂಡ್ವಿ.

ಒಬ್ರು ಮಾತ್ರ ಬೈದ್ರು. ಹಳೇ ಸಾವ್ಕಾರ್ರು, ಟ್ಯಾಬ್ಲೆಟ್ ಕೈಯಲ್ಲಿ ಹಿಡ್ಕೊಂಡೇ ಇಲ್ಲ. ‘ರೇಟ್ ಟೆಂಡರ್ರಿಗೆ ಸರ್ಕಾರದ್ದೇ ಕಂಪ್ಯೂಟರ್ ಐತಿ, ಮತ್ತೆ ನಿಂದ್ಯಾಕೆ? ಸೀಜನ್‌ದಾಗೆ ನನ್ ಗುಮಾಸ್ತ ಕೈತುಂಬ ಜೋಳದ ಧೂಳು ಹಚ್ಕಂಡು ಈ ಗಾಜು ಒತ್ಕಂತ ಕೂರ್ಬೇಕೇನೋ? ರೈತ ರಾತ್ರಿ ಹತ್ತಕ್ಕೆ ಫೋನ್ ಮಾಡಿ ನಂದೆಷ್ಟಾತು ಅಂತ ಕೇಳ್ತಾನೆ, ಅದಕ್ಕೇನಾದ್ರೂ ಮಾಡೀಯೇನು?’ ಅಂದ್ರು. ಹೊರಗೆ ಬಂದು ನಾನೂ ಗೆಳೆಯನೂ ನಕ್ಕಿದ್ವಿ. ಶೀಟಲ್ಲಿ ಅವ್ರ ಹೆಸ್ರಿನ ಮುಂದೆ ‘ನೆಗೆಟಿವ್’ ಅಂತ ಹಾಕಿದ್ವಿ.

ಅವ್ರು ಹೇಳಿದ ಸರ್ಕಾರದ ಕಂಪ್ಯೂಟರ್ ಅಂದ್ರೆ 2014ರಲ್ಲಿ ರಾಜ್ಯದಲ್ಲಿ ಶುರುವಾದ ಆನ್‌ಲೈನ್ ಟೆಂಡರ್ ವ್ಯವಸ್ಥೆ. ರೇಟ್ ಅದ್ರಲ್ಲಿ ಆಗುತ್ತೆ ನಿಜ, ಆದ್ರೆ ಅಂಗಡಿ ಒಳಗಿನ ಲೆಕ್ಕ ಈಗ್ಲೂ ಗುಮಾಸ್ತನ ಉದ್ದ ಬುಕ್ಕಲ್ಲೇ ಇರುತ್ತೆ. ನಮ್ಮ ಸಾಫ್ಟ್‌ವೇರ್‌ಗೆ ಜಾಗ ಇದ್ದಿದ್ದು ಅಲ್ಲೇ, ಆದ್ರೆ ನಾವು ಪೂರ್ತಿ ಬುಕ್ಕನ್ನೇ ಕಿತ್ತು ಹಾಕೋಕೆ ಹೊರಟಿದ್ವಿ.

ಅಕ್ಟೋಬರ್ ಬಂತು, ಮೆಕ್ಕೆಜೋಳದ ಸೀಜನ್. ಒಂಬತ್ತು ಅಂಗಡಿಗೆ ಫ್ರೀ ಟ್ರಯಲ್ ಕೊಟ್ಟಿದ್ವಿ, ಡ್ಯಾಶ್‌ಬೋರ್ಡಲ್ಲಿ ಎಂಟ್ರಿಗಳು ದಿನಾ ಏರ್ತಾ ಇದ್ವು, ಒಬ್ಬ ಇನ್ವೆಸ್ಟರ್‌ಗೆ ಆ ಗ್ರಾಫ್ ಕೂಡ ಕಳ್ಸಿದ್ದೆ. ಒಂದಿನ ಯಾಕೋ ಟೈಮ್ ನೋಡಿದೆ, ಎಲ್ಲಾ ಎಂಟ್ರಿನೂ ರಾತ್ರಿ 9ರಿಂದ 11ರ ಒಳಗೇ ಬಂದಿದಾವೆ. ಮಾರ್ಕೆಟ್ ಸಂಜೆಗೇ ಖಾಲಿ ಆಗುತ್ತಲ್ಲ ಅಂತ ವಿಚಾರ್ಸಿದ್ರೆ, ನಾವೇ ಟ್ರೇನಿಂಗ್ ಕೊಡ್ಲಿ ಅಂತ ಇಟ್ಕೊಂಡಿದ್ದ ಹುಡುಗ ಪಾಪ, ದಿನಾ ಸಂಜೆ ಅಂಗಡಿ ಅಂಗಡಿ ಸುತ್ತಿ ಗುಮಾಸ್ತರ ಬುಕ್ಕಿನ ಫೋಟೋ ತಗೊಂಡ್ ಬಂದು ಆಫೀಸಲ್ಲಿ ಕೂತು ತಾನೇ ಟೈಪ್ ಮಾಡ್ತಿದ್ದ. ‘ಅವ್ರು ಬ್ಯುಸಿ ಇದ್ರು ಸಾರ್, ನಿಮಗೆ ಬೇಜಾರಾಗುತ್ತೆ ಅಂತ...’ ಅಂದ. ಅಂದ್ರೆ ನಮ್ಮ ಆಪಿಗೆ ಇದ್ದ ಒಬ್ನೇ ಯೂಸರ್‌ಗೆ ತಿಂಗಳಿಗೆ 12 ಸಾವಿರ ಸಂಬಳ ನಾವೇ ಕೊಡ್ತಿದ್ವಿ. ಆ ಇನ್ವೆಸ್ಟರ್‌ಗೆ ಫೋನ್ ಮಾಡಿ ಗ್ರಾಫ್ ಸುಳ್ಳು ಅಂತ ಹೇಳಿದ್ದು ಈ ಎರಡು ವರ್ಷದಲ್ಲಿ ನಾನು ಮಾಡಿದ ಅತೀ ಕಷ್ಟದ ಫೋನು. ಅವ್ರು ‘ಓಕೆ’ ಅಂದ್ರು, ಆಮೇಲೆ ಮಾತಿಲ್ಲ.

ಇದ್ರ ಮಧ್ಯ ಗೆಳೆಯ ಹೊರಟ. ಮನೇಲಿ ತಂಗಿ ಮದ್ವೆ, ಸಾಲ, ಬೆಂಗಳೂರಿಂದ ಒಳ್ಳೆ ಆಫರ್, ತಪ್ಪು ಅವನದ್ದಲ್ಲ. ಆದ್ರೆ ಬೆಣ್ಣೆ ದೋಸೆ ತಿನ್ಕೊಂತ ‘ಫಿಫ್ಟಿ ಫಿಫ್ಟಿ ಮಗಾ’ ಅಂತ ಮಾಡ್ಕೊಂಡ ಮಾತು, ಬಿಟ್ಟು ಹೋದ್ರೆ ಏನು ಅಂತ ಒಂದು ಲೈನ್ ಬರ್ದಿರ್ಲಿಲ್ಲ, ಅರ್ಧ ಕಂಪನಿ ಅವನ ಹೆಸ್ರಲ್ಲಿ. ದೊಡ್ಡ ಮನಸ್ಸು ಅವಂದು, 5,000 ಶೇರನ್ನ ಹತ್ತತ್ತು ರೂಪಾಯಿ ಮುಖಬೆಲೆಗೇ ವಾಪಸ್ ಕೊಟ್ಟ. ಶೇರ್ ವರ್ಗಾವಣೆಯ ಎಸ್‌ಎಚ್-4 ಫಾರ್ಮು, 50 ಸಾವಿರಕ್ಕೆ 0.015 ಪರ್ಸೆಂಟ್ ಸ್ಟ್ಯಾಂಪ್ ಡ್ಯೂಟಿ, ಅಂದ್ರೆ ಏಳೂವರೆ ರೂಪಾಯಿ. ಬೇರೆ ಯಾರಾದ್ರೂ ಆಗಿದ್ರೆ ಏಳೂವರೆಗೆ ಮುಗೀತಿರ್ಲಿಲ್ಲ. ನೀವು ಹೊಸದಾಗಿ ಶುರು ಮಾಡೋರಾದ್ರೆ ವರ್ಷ ವರ್ಷ ಇಷ್ಟಿಷ್ಟೇ ಶೇರ್ ಕೈಗೆ ಬರೋ ಹಂಗೆ ಬರ್ಸ್ಕೊಳ್ಳಿ, ಗೆಳೆಯ ಅಂತ ಸಂಕೋಚ ಬೇಡ.

ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ರು ಡೈರೆಕ್ಟರ್, ಇಬ್ರು ಶೇರ್‌ದಾರರು ಇರ್ಲೇಬೇಕಲ್ಲ, ಅವನು ಹೋದ ಜಾಗಕ್ಕೆ ಅಮ್ಮ ಬಂದ್ರು. ಡಿಜಿಟಲ್ ಸಿಗ್ನೇಚರ್‌ಗೆ ವಿಡಿಯೋ ಮಾಡ್ಬೇಕು ಅಂದಾಗ ಹೊಸ ಸೀರೆ ಉಟ್ಕೊಂಡು ಕೂತು, ಮುಗಿದ ಮೇಲೆ ‘ಸಂಬಳ ಎಷ್ಟು ಕೊಡ್ತೀಯಪ್ಪಾ’ ಅಂದ್ರು. ಆ ತಿಂಗಳು ನನಗೇ ಇರ್ಲಿಲ್ಲ.

ಈ ಗಡಿಬಿಡಿಲಿ ಕಂಪನಿ ವರ್ಷ ವರ್ಷ ಸರ್ಕಾರಕ್ಕೆ ಕೊಡ್ಬೇಕಾದ ಎಒಸಿ-4 (ಲೆಕ್ಕಪತ್ರ), ಎಂಜಿಟಿ-7ಎ (ವಾರ್ಷಿಕ ವಿವರ) ಎರಡೂ ಫೈಲ್ ಮಾಡೋದು ಮರ್ತೆ. ವ್ಯಾಪಾರ ಇರ್ಲಿ ಬಿಡ್ಲಿ, ಒಂದೊಂದು ಫಾರ್ಮಿಗೆ ದಿನಕ್ಕೆ 100 ರೂಪಾಯಿ ಲೇಟ್ ಫೀ. ಒಂದು 90 ದಿನ ಲೇಟು, ಇನ್ನೊಂದು 60, ಒಟ್ಟು 15 ಸಾವಿರ ಕಟ್ಟಿದೆ. ಎಷ್ಟೋ ಜನಕ್ಕೆ ನಾನು ಹೇಳೋದು, ಮೊದಲ ಬಿಲ್ ಆಗೋವರೆಗೂ ಕಂಪನಿನೇ ಮಾಡ್ಬೇಡಿ, ನಿಮ್ಮ ಹೆಸ್ರಲ್ಲೇ ಬಿಲ್ ಕೊಟ್ರೆ ಆಕಾಶ ಏನೂ ಬೀಳಲ್ಲ.

ಎಲ್ಲಾ ಮುಗ್ದಂಗೆ ಅನ್ಸಿದಾಗ ಆ ಶೀಟ್ ತೆಗೆದು ನೋಡಿದೆ. 36 ‘ಪಾಸಿಟಿವ್’ಗಳಲ್ಲಿ ಒಬ್ಬೊಬ್ಬರಿಗೇ ಫೋನ್ ಮಾಡಿ ತಿಂಗಳಿಗೆ 500 ರೂಪಾಯಿ ಅಡ್ವಾನ್ಸ್ ಅಂದೆ. ಉತ್ತರ ಗೊತ್ತಲ್ಲ, ‘ನೋಡೋಣಂತೆ’, ‘ಹಬ್ಬ ಆಗ್ಲಿ’, ‘ಉದ್ರಿ ಬರ್ಕಳಪ್ಪ’. ಕೊನೆಗೆ ಉಳಿದಿದ್ದು ಬೈದ ಸಾವ್ಕಾರ್ರು. ಈ ಸಲ ಟ್ಯಾಬ್ಲೆಟ್ ಇಲ್ದೆ ಹೋಗಿ ಗುಮಾಸ್ತನ ಪಕ್ಕ ಗೋಣಿಚೀಲದ ಮೇಲೆ ನಾಲ್ಕು ದಿನ ಕೂತೆ. ಬುಕ್ಕಲ್ಲಿ ಬರೆಯೋದ್ರಲ್ಲಿ ಆತನಿಗೆ ಕಷ್ಟನೇ ಇಲ್ಲ, ನನಗಿಂತ ಫಾಸ್ಟು. ಕಷ್ಟ ಶುರು ಆಗೋದು ಸಂಜೆ, ಪಟ್ಟಿ (ರೈತನಿಗೆ ಕೊಡೋ ಲೆಕ್ಕದ ಚೀಟಿ) ಬರ್ಯೋದು, ಕೂಡಿಸೋದು, ಆಮೇಲೆ ರಾತ್ರಿ ತನಕ ರೈತರ ಫೋನು. ಹಂಗಾಗಿ ಬುಕ್ಕಿಗೆ ಕೈ ಹಚ್ಚಲಿಲ್ಲ. ಸಂಜೆ ಒಬ್ಬೊಬ್ಬ ರೈತನಿಗೆ ನಾಲ್ಕೇ ನಂಬರ್ ಹಾಕೋದು, ಚೀಲ, ತೂಕ, ರೇಟು, ಹಮಾಲಿ. ಸಣ್ಣ ಪ್ರಿಂಟರಲ್ಲಿ ಪಟ್ಟಿ ಬರುತ್ತೆ, ಅದೇ ಲೆಕ್ಕ ರೈತನ ವಾಟ್ಸಾಪಿಗೂ ಹೋಗುತ್ತೆ. ಹಳೇ ಆಪಿನ ನೂರಕ್ಕೆ ತೊಂಬತ್ತು ಭಾಗ ಕಸದ ಬುಟ್ಟಿಗೆ ಹೋಯ್ತು, ಇದನ್ನ ಮಾಡೋಕೆ ಎರಡೂವರೆ ವಾರ ಸಾಕಾಯ್ತು.

ಒಂದು ವಾರ ಆದ್ಮೇಲೆ ಸಾವ್ಕಾರ್ರು ಗಲ್ಲಾಪೆಟ್ಟಿಗೆಯಿಂದ ಆರು ಸಾವಿರ ಎಣಿಸಿ ಕೊಟ್ರು, ಪೂರ್ತಿ ವರ್ಷದ್ದು. ಬೈಯೋದೇನು ನಿಲ್ಲಿಸಿಲ್ಲ, ಅಕ್ಷರ ಸಣ್ಣ ಐತಿ, ರೈತನ ಹೆಸ್ರು ತಪ್ಪೈತಿ, ದಿನಾ ಏನಾದ್ರೊಂದು. ಪಕ್ಕದ ಅಂಗಡಿಯೋರಿಗೆ ಹೇಳಿದ್ದೂ ಅವ್ರೇ. ಈಗ 14 ಅಂಗಡಿ ಆಗಿದಾವೆ, ಎಲ್ಲಾ ಅಡ್ವಾನ್ಸು. ನನ್ನ ಹಳೇ ಸಂಬಳಕ್ಕೆ ಹೋಲಿಸಿದ್ರೆ ನಗು ಬರುತ್ತೆ, ಆ ಟೈಪ್ ಮಾಡ್ತಿದ್ದ ಹುಡುಗನ ಸಂಬಳದ ಅರ್ಧಕ್ಕಿಂತ ಚೂರು ಜಾಸ್ತಿ ಅಷ್ಟೇ ಬರೋದು. ಅವನು ಇನ್ನೂ ನಮ್ಮಲ್ಲೇ ಇದಾನೆ, ಈಗ ಟೈಪ್ ಮಾಡೋದು ಬಿಟ್ಟು ಬೈಸ್ಕೊಳ್ಳೋಕೆ ಹೋಗ್ತಾನೆ.

ಇನ್ನೂ ಬರೀಬೇಕು ಅಂತಿದ್ದೆ, ಗುಮಾಸ್ತನ ಫೋನ್ ಬರ್ತಾ ಐತಿ, ಮೂರನೇ ಸಲ. ಪ್ರಿಂಟರ್ ರೋಲ್ ಖಾಲಿ ಅಂತೆ, ಹತ್ತು ಜನ ರೈತರು ಪಟ್ಟಿಗೆ ಕಾಯ್ತಾ ನಿಂತಿದಾರಂತೆ, ಹಿಂದಿನಿಂದ ಸಾವ್ಕಾರ್ರ ದನಿನೂ ಕೇಳಿಸ್ತಾ ಐತಿ.